ಹೆಸರು ಗೀಚಿದ ಮಡಕೆಚೂರು

ಜ್ಯೇಷ್ಠದ ಅಮಾವಾಸ್ಯೆ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಎರೆಮಣ್ಣು ಎತ್ತಿನ ರೂಪ ತಾಳುತ್ತದೆ. ಮನೆಮಂದಿ ಕೂಡಿ ತಿದ್ದುವ ಆ ಮಣ್ಣೆತ್ತುಗಳ ಮೇಲೆ ಯಾರ ಸಹಿಯೂ ಇರುವುದಿಲ್ಲ, ಮಾಡುವವರೇ ನೋಡುವವರು. ಇಂದಿನ ಕಲಾಲೋಕ 'ಸಹಭಾಗಿ ಕಲೆ' ಎಂಬ ಹೊಸ ಹೆಸರಿನಲ್ಲಿ ಅರಸುತ್ತಿರುವುದು ಇಂಥದ್ದನ್ನೇ.

2006ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಕ್ಲೇರ್ ಟ್ವೋಮಿ ಎಂಬ ಕಲಾವಿದೆ 4,000 ನೀಲಿ ಮಣ್ಣಿನ ಹಕ್ಕಿಗಳನ್ನು ಇರಿಸಿ, ಬಂದವರು ಒಯ್ಯಲು ಬಿಟ್ಟರು. ಹಕ್ಕಿಗಳು ಜನರ ಕೈಸೇರಿದಾಗಲೇ ಆ ಕೃತಿ ಪೂರ್ಣವಾದದ್ದು. ಇದೇ ಹಾದಿಯಲ್ಲಿ, ಪ್ರಾಚೀನ ಅಥೆನ್ಸಿನ ಮತದಾನದಿಂದ ಪ್ರೇರಣೆ ಪಡೆದ ಮಣ್ಣಿನ ಕೃತಿಗಳೂ ಇವೆ. ಅವು ನೋಡುಗನ ಕೈಗೆ ಚೂರೊಂದನ್ನಿತ್ತು, 'ಬರೆ' ಎನ್ನುತ್ತವೆ.

ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನಲ್ಲಿ ನಾಗರಿಕರು ಒಡೆದ ಮಡಕೆಯ ಚೂರಿನ ಮೇಲೆ, ಊರು ಬಿಡಬೇಕಾದವನ ಹೆಸರನ್ನು ಗೀಚುತ್ತಿದ್ದರು. ಬಹಿಷ್ಕೃತನಿಗೆ 10 ವರ್ಷ ಗಡೀಪಾರು. ಆರೋಪ, ವಿಚಾರಣೆ ಯಾವುದೂ ಬೇಕಿರಲಿಲ್ಲ. ಅಕ್ಷರವರಿಯದ ಒಬ್ಬನು ಅರಿಸ್ಟೈಡೀಸನ ಬಳಿಗೇ ಬಂದು, ಅವನಾರೆಂದು ತಿಳಿಯದೆ, 'ಅರಿಸ್ಟೈಡೀಸನ ಹೆಸರು ಬರೆದುಕೊಡು' ಎಂದನಂತೆ. ಎಲ್ಲರೂ ಅವನನ್ನು ನ್ಯಾಯವಂತನೆನ್ನುವುದನ್ನು ಕೇಳಿ ಬೇಸತ್ತದ್ದೇ ಕಾರಣ. ಅರಿಸ್ಟೈಡೀಸ್ ಮೌನವಾಗಿ ತನ್ನ ಹೆಸರನ್ನೇ ಬರೆದುಕೊಟ್ಟನೆಂದು ಪ್ಲುಟಾರ್ಕ್ ಹೇಳುತ್ತಾನೆ.

ಚೂರಿನ ಕಲೆಯ ಸೊಗಸನ್ನು ನಾನು ಅಲ್ಲಗಳೆಯಲಾರೆ. ಒಡೆದದ್ದಕ್ಕೂ ಬೆಲೆಯುಂಟೆಂದು, ಸಾಮಾನ್ಯನ ಗೀರಿಗೂ ತೂಕವುಂಟೆಂದು ಅದು ಸಾರುತ್ತದೆ. ಆದರೆ ಎಲ್ಲರ ಕೈಗೂ ಚೂರು ಸಿಕ್ಕಮಾತ್ರಕ್ಕೆ ಎಲ್ಲರೂ ಪಾಲುಗೊಂಡಂತಾಗದು. 1937ರಲ್ಲಿ ಆಕ್ರೋಪೊಲಿಸ್ ಗುಡ್ಡದ ಬಾವಿಯೊಂದರಲ್ಲಿ ಥೆಮಿಸ್ಟೊಕ್ಲೀಸನ ಹೆಸರುಳ್ಳ 190 ಚೂರುಗಳು ದೊರೆತವು; ಬರೆದ ಕೈಗಳು ಸುಮಾರು 14 ಮಾತ್ರ! ಹಂಚಲು ಮೊದಲೇ ಸಿದ್ಧಪಡಿಸಿದ ಮತಗಳವು. ಮೇಲಾಗಿ, ಮಡಕೆಯಲ್ಲಿ ನೀರು ಹೊತ್ತ ಹೆಣ್ಣಿಗೆ ಅದರ ಚೂರಿನ ಮೇಲೆ ಬರೆಯುವ ಹಕ್ಕಿರಲಿಲ್ಲ. ದಾಸರಿಗೂ ಪರದೇಶಿಗಳಿಗೂ ಇರಲಿಲ್ಲ. ಆದ್ದರಿಂದ ಇಂಥ ಕೃತಿ ಬರೆಯುವ ಉಮೇದನ್ನಷ್ಟೇ ಕೊಟ್ಟರೆ ಅದು ಆಟಿಕೆ; ಬರೆಯುವ ಕೈಯನ್ನು ಒಂದು ಕ್ಷಣ ತಡೆದರೆ ಮಾತ್ರ ಕಲೆ.

ಯೇಸುಸ್ವಾಮಿ ಬರೆದರೆಂದು ಶುಭಸಂದೇಶ ಹೇಳುವುದು ಒಂದೇ ಸಂದರ್ಭದಲ್ಲಿ, ಅದೂ ಮಣ್ಣಿನ ಮೇಲೆ. ಕಲ್ಲು ಹಿಡಿದ ಜನರ ನಡುವೆ ಹೆಣ್ಣೊಬ್ಬಳು ನಿಂತಿದ್ದಳು. ಅವರು ಬಗ್ಗಿ ನೆಲದಲ್ಲಿ ಬೆರಳಾಡಿಸಿದರು. ಏನು ಬರೆದರೆಂದು ಯೊವಾನ್ನರು ತಿಳಿಸುವುದಿಲ್ಲ. ಆದರೆ ತೀರ್ಪು ನೀಡಲು ಬಂದವರು ಒಬ್ಬೊಬ್ಬರಾಗಿ ಹೊರಟುಹೋದರು, ಆಕೆ ಉಳಿದಳು.

ನಮಗೆ ಮಡಕೆಚೂರು ಬೇಕಿಲ್ಲ. ಜಾತಿಗಾಗಿ, ಮದುವೆಯೊಂದಕ್ಕಾಗಿ, ಹಳೆಯ ಜಗಳಕ್ಕಾಗಿ ಊರಲ್ಲೂ ಧರ್ಮಕೇಂದ್ರದಲ್ಲೂ ನಾವು ಬಾಯಿಮಾತಿನಲ್ಲೇ ಹೆಸರು ಗೀಚಿ ಮುಗಿಸುತ್ತೇವೆ. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಮಕ್ಕಳು ಗೆಜ್ಜೆ ಕಟ್ಟಿ ಮನೆಮನೆಗೆ ಕಾಳು ಬೇಡಲು ಹೊರಡುತ್ತಾರೆ. ಅವರು ಯಾವ ಬಾಗಿಲನ್ನು ಬಿಟ್ಟು ಮುಂದೆ ಸಾಗುತ್ತಾರೆಂದು ಗಮನಿಸೋಣ. ಆ ಬಾಗಿಲ ಮೇಲೆ ನಮ್ಮದೇ ಕೈಬರಹ ಕಂಡೀತು.