ಹಳೆಯ ನಾವೆಗೆ ಹೊಸ ತೊಗಲು

ಲೋಕಾಪುರವು ಹೊಳೆಯ ದಂಡೆಯ ಊರಲ್ಲ. ಸುಣ್ಣಗಲ್ಲಿನ ನೆಲವೂ ಸಿಮೆಂಟಿನ ಧೂಳೂ ಇದರ ಗುರುತು. ಆದರೂ ಬಡಗಲಿಗೆ ಮುಧೋಳದ ಬಳಿ ಘಟಪ್ರಭೆಯೂ, ಇನ್ನೂ ಆಚೆಗೆ ಜಮಖಂಡಿ-ರಬಕವಿಗಳ ಮೇರೆಯಲ್ಲಿ ಕೃಷ್ಣೆಯೂ ಹರಿಯುತ್ತಿರುವುದರಿಂದ, ಸಂತೆಗೆ, ಜಾತ್ರೆಗೆ, ಬೀಗರ ಊರಿಗೆ ಹೊಳೆ ದಾಟಿಯೇ ಹೋಗಬೇಕಾಗಿದ್ದ ಈ ಸೀಮೆಯ ಜನಕ್ಕೆ ನಾವೆಯ ಗುಣದೋಷಗಳ ವಿಚಾರವು ಪರಕೀಯವಾದುದೇನಲ್ಲ. ಇಂದು ಹಲಗೆಯ ನಾವೆಯೊಂದು ಸೋರತೊಡಗಿತೆಂದರೆ ದಂಡೆಯ ಮೇಲೆ ನಿಂತವರ ಬಾಯಿಂದ ಮೊದಲು ಹೊರಡುವ ಸಲಹೆ, "ಫೈಬರ್ ಹೊಡಿಸಿಬಿಡ್ರಿ, ಮುಗೀತು" ಎಂಬುದಾಗಿದೆ. ಈ ಸಲಹೆಯು ಎಷ್ಟರಮಟ್ಟಿಗೆ ಯುಕ್ತವೆಂಬುದೇ ಇಲ್ಲಿಯ ವಿವೇಚನೆಯ ವಿಷಯ.

ಹೊಸ ನಾವೆಯನ್ನು ಯಾವ ದ್ರವ್ಯದಿಂದ ಕಟ್ಟಬೇಕೆಂಬುದು ಒಂದು ಪ್ರಶ್ನೆ; ಹಳೆಯ ನಾವೆಯನ್ನು ಯಾವ ದ್ರವ್ಯದಿಂದ ದುರಸ್ತಿ ಮಾಡಬೇಕೆಂಬುದು ಅದಕ್ಕಿಂತ ತೀರ ಭಿನ್ನವಾದ ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ದೊರೆತ ಉತ್ತರವನ್ನು ಎರಡನೆಯದರ ಮೇಲೆ ಹೇರುವುದರಿಂದಲೇ ಅನರ್ಥವೆಲ್ಲವೂ ಹುಟ್ಟುತ್ತದೆಂದು ನನಗೆ ತೋರುತ್ತದೆ.

ಮರದ ಮೈಗೆ ಗಾಜಿನ ನಾರು ಹಾಸಿ ರೆಸಿನ್ ಬಳಿಯುವ ಪದ್ಧತಿಯು ಪ್ರಸಿದ್ಧಿ ಪಡೆದದ್ದು ಸಮುದ್ರದಲ್ಲಿ. ಅಲ್ಲಿ ಅದಕ್ಕೆ ಪ್ರಬಲವಾದ ಕಾರಣವಿತ್ತು. ಉಪ್ಪುನೀರಿನಲ್ಲಿ ಮರವನ್ನು ಕೊರೆದು ಜೇನುಹುಟ್ಟಿನಂತೆ ಟೊಳ್ಳು ಮಾಡುವ ಹುಳುಗಳ ಒಂದು ಸಂತತಿಯೇ ಇದೆ. ಅವುಗಳ ಬಾಯಿಂದ ದೋಣಿಯನ್ನು ಕಾಯಲು ಕರಾವಳಿಯ ಮೀನುಗಾರರು ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ತಪ್ಪದೆ ಬಳಿಯುತ್ತಿದ್ದರು. ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಮರದ ದೋಣಿಗಳಿಗೆ ಫೈಬರಿನ ಹೊದಿಕೆಯನ್ನು ಪ್ರಯೋಗಿಸಿದುದೂ ಮುಖ್ಯವಾಗಿ ಈ ಶತ್ರುವನ್ನು ಗಮನದಲ್ಲಿರಿಸಿಕೊಂಡೇ. ಘಟಪ್ರಭೆಯ ಸಿಹಿನೀರಿನಲ್ಲಾದರೋ ಆ ಹುಳುವೇ ಇಲ್ಲ. ಇಲ್ಲದ ರೋಗಕ್ಕೆ ಮದ್ದನ್ನು ಕುಡಿಸಿದಾಗ ಮದ್ದೇ ರೋಗವಾಗುವುದುಂಟು.

ನಮ್ಮ ಹೊಳೆಗಳಲ್ಲಿ ಮರದ ಶತ್ರು ಬೂಷ್ಟು. ಅದು ಬದುಕುವುದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಮರದ ತೇವವು ಶೇ. 20ರೊಳಗೆ ಇದ್ದಲ್ಲಿ ಅದು ತಲೆಯೆತ್ತದು. ಸದಾ ನೀರಿನಡಿಯಲ್ಲಿರುವ ಹಲಗೆಯಲ್ಲಿಯೂ ಗಾಳಿಯ ಅಭಾವದಿಂದ ಅದರ ಆಟ ನಡೆಯದು. ಆದುದರಿಂದ ಹಳೆಯ ನಾವೆಯು ಕೊಳೆಯಲಾರಂಭಿಸುವುದು ಎಲ್ಲರೂ ಶಂಕಿಸುವ ತಳದಲ್ಲಲ್ಲ. ನೀರಿನ ಮಟ್ಟಕ್ಕೆ ತುಸು ಮೇಲೆ, ಮಳೆಯ ನೀರು ನಿಲ್ಲುವ ಮೂಲೆಗಳಲ್ಲಿ, ಹಲಗೆಯ ತುದಿಯು ಮೂತಿಯ ದಿಮ್ಮಿಗೆ ಕೂಡುವ ಸಂದಿಯಲ್ಲಿ. ಅಲ್ಲಿ ದಬ್ಬಣದ ಮೊನೆಯನ್ನು ಊರಿ ನೋಡಬೇಕು: ಗಟ್ಟಿಯಾದ ಸಾಗವಾನಿಯು ಮೊನೆಯನ್ನು ತಡೆದು ನಿಲ್ಲಿಸುತ್ತದೆ; ಕೊಳೆತದ್ದು ಬೆಂದ ಗೆಣಸಿಗೆ ಚುಚ್ಚಿದಂತೆ ಸದ್ದಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಕೊಡತಿಯಿಂದ ತಟ್ಟಿದರೂ ನಾದಭೇದವು ತಿಳಿಯುತ್ತದೆ.

ಇಂಥ ಮೈಯ ಮೇಲೆ ಫೈಬರನ್ನು ಹಾಸಿದರೆ ಆಗುವುದೇನು? ಮರವು ತೇವವನ್ನು ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಂತೆ ಕುಗ್ಗುತ್ತದೆ. ಹಿತಮಿತವಾದ ಚಲನೆಗೆ ಹೆಸರಾದ ಸಾಗವಾನಿಯೂ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಅಡ್ಡಕ್ಕೆ ಸುಮಾರು ಶೇ. 5ರಿಂದ 6ರವರೆಗೆ ಕಿರಿದಾಗುವುದುಂಟು. ಗಾಜಿನ ನಾರಿಗೆ ಈ ಉಸಿರಾಟವಿಲ್ಲ. ಬೇಸಿಗೆಯಲ್ಲಿ ತಾಪವು 40 ಡಿಗ್ರಿಯನ್ನು ಮೀರುವ, ಹೊಳೆ ಬತ್ತಿದರೆ ನಾವೆಯು ತಿಂಗಳುಗಟ್ಟಲೆ ಉಸುಕಿನ ಮೇಲೆ ಒಣಗುವ, ಮುಂಗಾರು ಮೊದಲಾದೊಡನೆ ಮತ್ತೆ ನೆನೆಯುವ ಈ ನಾಡಿನಲ್ಲಿ, ಒಂದು ಚಲಿಸುವ ಮತ್ತು ಒಂದು ಚಲಿಸದ ಎರಡು ವಸ್ತುಗಳನ್ನು ಬೆಸೆದು ಒಂದೇ ದೇಹವೆಂದು ನಂಬುವುದು ಸಾಹಸವೇ ಸರಿ. ಬೆಸುಗೆಯು ಒಂದೆಡೆ ಬಿಡುತ್ತದೆ. ಕೂದಲೆಳೆಯ ಸೀಳಿನಿಂದ ನೀರು ನುಗ್ಗುತ್ತದೆ. ನುಗ್ಗಿದ ನೀರಿಗೆ ಹೊರಬರುವ ದಾರಿಯಿಲ್ಲ. ಹೊರಗೆ ನುಣುಪಾದ ನೀಲಿ ಬಣ್ಣ, ಒಳಗೆ ಹಲಗೆಯೆಲ್ಲ ಹುಡಿ. ತೆರೆದ ಮರವು ಸೋರಿಯಾದರೂ ತನ್ನ ದುಃಸ್ಥಿತಿಯನ್ನು ಹೇಳಿಕೊಳ್ಳುತ್ತಿತ್ತು. ಹೊದಿಸಿದ ಮರವು ಅದನ್ನೂ ಹೇಳದು. ಹತ್ತಿಪ್ಪತ್ತು ಜನರನ್ನು ಹೊತ್ತು ಹೊಳೆಯ ನಡುವೆ ಸಾಗುವ ವಾಹನದಲ್ಲಿ ಇದಕ್ಕಿಂತ ಘೋರವಾದ ದೋಷವನ್ನು ನಾನು ಊಹಿಸಲಾರೆ.

ಜಲಾಶಯಗಳು ಬಂದ ಮೇಲೆ ಹೊಳೆ ಬತ್ತುವುದೇ ಕಡಿಮೆಯಾಯಿತಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಜಮಖಂಡಿಯ ಕೃಷ್ಣಾ ತೀರದ ರೈತರು 1989ರಲ್ಲಿ ತಾವೇ ಹಣ ಕೂಡಿಸಿ, ಮೈಮುರಿದು ದುಡಿದು, ಚಿಕ್ಕಪಡಸಲಗಿಯಲ್ಲಿ ಕಟ್ಟಿದ ಬ್ಯಾರೇಜೂ, ಹಿಪ್ಪರಗಿಯ ಬ್ಯಾರೇಜೂ, ಬೀಳಗಿಯ ಮಗ್ಗುಲವರೆಗೆ ಚಾಚಿದ ಆಲಮಟ್ಟಿಯ ಹಿನ್ನೀರೂ ನದಿಯ ಸ್ವಭಾವವನ್ನೇ ಮಾರ್ಪಡಿಸಿವೆ. ಆದರೆ ಇದರಿಂದ ವಾದವು ಫೈಬರಿನ ಹೊದಿಕೆಯ ಪಕ್ಷಕ್ಕೆ ವಾಲುವುದಿಲ್ಲ. ವರ್ಷವೆಲ್ಲ ನೀರಿನಲ್ಲಿರುವ ಹಲಗೆಯು ತಾನಾಗಿಯೇ ಉಬ್ಬಿ ಸಂದಿಯನ್ನು ಮುಚ್ಚಿಕೊಳ್ಳುವುದರಿಂದ ಅದಕ್ಕೆ ಹೊದಿಕೆಯ ಅಗತ್ಯವು ಮತ್ತಷ್ಟು ಕಡಿಮೆ. ಅಂಥ ನೆನೆದ ಮರಕ್ಕೆ ರೆಸಿನ್ ಅಂಟುವುದೂ ಇಲ್ಲ.

ಹರಿಗೋಲಿನ ಮಾತು ಬೇರೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತ ಹೊರಗೆ ತೊಗಲಿನ ದೋಣಿಗಳಲ್ಲಿ ಜನ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅಂದಿನ ತೊಗಲು ಮುಂದೆ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲವಾಯಿತು. ಇಂದು ಮೀನುಗಾರಿಕೆ ಇಲಾಖೆಯು ಹಂಚುತ್ತಿರುವುದು ಅಚ್ಚಿನಲ್ಲಿ ಎರೆದ ಫೈಬರ್ ಹರಿಗೋಲು. ಇದರಲ್ಲಿ ನನಗೆ ಆಕ್ಷೇಪಣೆಯಿಲ್ಲ. ಹರಿಗೋಲಿನ ಹೊದಿಕೆಯು ಮೊದಲಿನಿಂದಲೂ ಸವೆದಾಗ ಬದಲಿಸತಕ್ಕ ಅಂಗಿಯಾಗಿತ್ತು. ಹಲಗೆಯ ನಾವೆಯಲ್ಲಾದರೋ ಹೊರಮೈಯೇ ಅದರ ಬಲ. ಅಲ್ಲಿ ಹಲಗೆ ಕೊಳೆಯಿತೆಂದರೆ ಅಂಗಿ ಹರಿದಂತಲ್ಲ, ಎಲುಬು ಮುರಿದಂತೆ.

ಹಾಗಾದರೆ ಮರಕ್ಕೆ ಮರವೇ ಗತಿಯೆ? ಹಳೆಯ ನಾವೆಯ ಮಟ್ಟಿಗೆ ಹೌದೆನ್ನುತ್ತೇನೆ. 1817ರಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ಸಾಗವಾನಿಯಿಂದ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆಯು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಜೀರ್ಣೋದ್ಧಾರಗೊಂಡು ಇಂದಿಗೂ ತೇಲುತ್ತಿದೆ. ಹಲಗೆಯ ನಾವೆಯನ್ನು ಬಿಡಿಬಿಡಿಯಾಗಿ ಬಿಚ್ಚಬಹುದೆಂಬುದೇ ಅದರ ದೀರ್ಘಾಯುಷ್ಯದ ಮರ್ಮ. ನಮ್ಮ ಕರಾವಳಿಯ ರಂಪಣಿ ದೋಣಿಯ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು; ಹೊಲಿಗೆ ಬಿಚ್ಚಿ, ಕೆಟ್ಟ ಹಲಗೆಯೊಂದನ್ನೇ ತೆಗೆದು, ಮತ್ತೆ ಹೊಲಿಯುವುದು ಅವರಿಗೆ ಸಾಧ್ಯವಿತ್ತು. ಬಂಡಿಯ ಗಾಲಿಗೆ ಅಚ್ಚುಕಟ್ಟಾಗಿ ಹಲ್ಲು ಕೂಡಿಸಬಲ್ಲ ನಮ್ಮ ಬಡಿಗೇರನಿಗೆ, ಕೆಟ್ಟ ಭಾಗದಿಂದ ಮೊಳದಷ್ಟು ಆಚೆಗೂ ಕತ್ತರಿಸಿ, ಓರೆಯ ಜೋಡಣೆಯಿಂದ ಹೊಸ ತುಂಡನ್ನು ಕೂಡಿಸುವುದು ಅಸಾಧ್ಯವಾದ ವಿದ್ಯೆಯಲ್ಲ. ಬೇಸಿಗೆಯಲ್ಲಿ ಕೆಲಸ ಹಿಡಿದವನು ಹಲಗೆಗಳ ನಡುವೆ ಉಬ್ಬುವಿಕೆಗೆಂದು ತುಸು ಎಡೆ ಬಿಡಬೇಕು. ಆ ಎಡೆಗೆ ಹತ್ತಿಯ ಎಳೆಯನ್ನು ಉಳಿಯಿಂದ ಜಡಿದು, ಮೇಲೆ ರಾಳ-ಎಣ್ಣೆಯ ಮಿಶ್ರಣವನ್ನು ಮೆತ್ತಬೇಕು. ರಬಕವಿ-ಬನಹಟ್ಟಿಯ ಮಗ್ಗಗಳಿರುವ ಸೀಮೆಯಲ್ಲಿ ನೂಲಿಗೇನು ಬರವೆ!

ಫೈಬರಿಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸದೆ ಹೋದರೆ ವಿಮರ್ಶೆಯು ಪಕ್ಷಪಾತವಾದೀತು. ಪೂರ್ತಿಯಾಗಿ ಅಚ್ಚಿನಲ್ಲಿ ಎರೆದ ಹೊಸ ಫೈಬರ್ ದೋಣಿಯು ಹಗುರ, ಸಂದಿಯಿಲ್ಲದ್ದು, ವರ್ಷವರ್ಷದ ಉಪಚಾರವನ್ನು ಬೇಡದ್ದು. 2019ರ ಆಗಸ್ಟಿನಲ್ಲಿ ಘಟಪ್ರಭೆಯು ಮುಧೋಳ ಸೀಮೆಯ ಊರುಗಳನ್ನು ನುಂಗಿದಂತಹ ಹೊತ್ತಿನಲ್ಲಿ, ನಾಲ್ಕು ಜನ ಎತ್ತಿ ಟ್ರ್ಯಾಕ್ಟರಿಗೆ ಹಾಕಬಹುದಾದ ದೋಣಿಯ ಮುಂದೆ ಭಾರವಾದ ಮರದ ನಾವೆಯ ಸೌಂದರ್ಯವನ್ನು ಹೊಗಳುತ್ತ ಕೂಡುವುದು ವಿವೇಕವಲ್ಲ. ಬಿಸಿಲಿಗೆ ಫೈಬರಿನ ಮೈ ಸುಣ್ಣ ಬಳಿದಂತೆ ಮಂಕಾಗುವುದು, ಕಲ್ಲಿಗೆ ಉಜ್ಜಿ ಸವೆಯುವುದು, ಆಯುಸ್ಸು ತೀರಿದ ಮೇಲೆ ಮಣ್ಣಿಗೂ ಸೇರದೆ ಸುಡುವುದಕ್ಕೂ ಯೋಗ್ಯವಾಗದೆ ಬಿದ್ದಿರುವುದು, ಇವೆಲ್ಲ ಅದರ ದೋಷಗಳು. ಆದರೆ ಪ್ರಕಟವಾದ ದೋಷಗಳು. ಹಳೆಯ ಮರಕ್ಕೂ ಎಪಾಕ್ಸಿಯು ಒಂದು ಸಣ್ಣ ಕೆಲಸಕ್ಕೆ ಒದಗುತ್ತದೆ: ಹೊಸ ತುಂಡಿನ ಓರೆ ಜೋಡಣೆಯನ್ನು ಒಣಮರದಲ್ಲಿ ಅಂಟಿಸುವಾಗ ಅದು ಅಗ್ಗದ ಪಾಲಿಯೆಸ್ಟರಿಗಿಂತ ಬಹಳ ಮೇಲು. ಅಲ್ಲಿಯೂ ಸಾಗವಾನಿಯ ಸಹಜವಾದ ಎಣ್ಣೆಯನ್ನು ಮೊದಲು ಒರೆಸಿ ತೆಗೆಯಬೇಕು, ಕೆಲಸವನ್ನು ಬೆಳಗಿನ ತಂಪಿನಲ್ಲಿಯೇ ಮುಗಿಸಬೇಕು. ತಾಪವು 10 ಡಿಗ್ರಿ ಏರಿದರೆ ಕಲಸಿದ ಅಂಟು ಗಟ್ಟಿಯಾಗುವ ಅವಧಿಯು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಆದುದರಿಂದ ನಾವೆಯುಳ್ಳ ಪಂಚಾಯತಿಗಳಿಗೂ ಅಂಬಿಗರ ಮನೆಗಳಿಗೂ ನನ್ನ ವಿನಂತಿಯು ಇಷ್ಟು: ರೆಸಿನ್ ಡಬ್ಬಿಯನ್ನು ಕೊಳ್ಳುವ ಮುನ್ನ ನಾವೆಯನ್ನು ದಂಡೆಗೆಳೆದು, ಬಡಿಗೇರನೊಬ್ಬನನ್ನು ಕರೆದು, ಮೂತಿಯಿಂದ ಹಿಂಬದಿಯವರೆಗೆ ದಬ್ಬಣವಾಡಿಸಿ ನೋಡಿರಿ. ಕೆಲವು ಹಲಗೆ ಕೆಟ್ಟಿದ್ದರೆ ಆ ಹಲಗೆಗಳನ್ನು ಮರದಿಂದಲೇ ಬದಲಿಸಿರಿ. ಮೂತಿಯ ದಿಮ್ಮಿಯೂ ಕೆಟ್ಟಿದ್ದರೆ ನಾವೆಯ ಅಳತೆಯನ್ನು ಬರೆದಿಟ್ಟುಕೊಂಡು ಹೊಸ ಫೈಬರ್ ದೋಣಿಯನ್ನು ತನ್ನಿರಿ. ಕೆಟ್ಟ ನಾವೆಯ ಮೇಲೆ ಫೈಬರ್ ಹೊದಿಸಿ ಜನರನ್ನು ಮಾತ್ರ ಹತ್ತಿಸಬೇಡಿರಿ.