ಒಂದೇ ದನಿಯ ಡಬ್ಬಿ

‘ಆಸಿಡ್ ಹೌಸ್ ಹುಟ್ಟಿದ್ದು ಶಿಕಾಗೊದಲ್ಲಲ್ಲ ಕಣ್ರೀ, ನಮ್ಮ ಬಾಂಬೆಯಲ್ಲಿ!’ ಪಾರ್ಟಿಗಳಲ್ಲಿ ನಾನೂ ಹೀಗೆ ಬೀಗಿದವನೇ. ಸಾಕ್ಷಿಗೆ ಚರಣ್‌ಜಿತ್ ಸಿಂಗ್ ಅವರ 1982ರ ಎಲ್‌ಪಿ ‘ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಹಾಕ್ತಿದ್ದೆ. ಈಚೆಗೆ ಮತ್ತೆ ಕೇಳಿದ ಮೇಲೆ ಆ ಮಾತು ನಿಲ್ಲಿಸಿದ್ದೇನೆ.

ಈ ವಾದಕ್ಕೆಲ್ಲ ಮೂಲ ರೋಲ್ಯಾಂಡ್ ಟಿಬಿ-303 ಅನ್ನೋ ಪುಟ್ಟ ಬೆಳ್ಳಿಬಣ್ಣದ ಡಬ್ಬಿ. ಬೇಸ್ ನುಡಿಸೋ ಜೊತೆಗಾರ ಸಿಗದ ಗಿಟಾರಿಸ್ಟುಗಳಿಗೆ ಅಂತ ಜಪಾನಿನಲ್ಲಿ ಮಾಡಿದ್ದು. ಒಂದೇ ಆಸಿಲೇಟರ್, ಒಂದು ಸಲಕ್ಕೆ ಒಂದೇ ಸ್ವರ. ಅಲೆಯೂ ಅಷ್ಟೆ: ಗರಗಸದ ಹಲ್ಲಿನಂಥದ್ದು ಇಲ್ಲವೇ ಚೌಕದ್ದು. ಸ್ವರಗಳನ್ನು ಒಮ್ಮೆ, ಅವುಗಳ ಕಾಲವನ್ನು ಇನ್ನೊಮ್ಮೆ ತುಂಬಬೇಕು; ತಲೆ ಕೆಡುತ್ತೆ. ಬೇಸ್ ಗಿಟಾರಿನ ಹಾಗೆ ಕೇಳಿಸಲೂ ಇಲ್ಲ. 1984ರಲ್ಲಿ ತಯಾರಿಕೆ ನಿಂತಿತು.

ಸೆಕೆಂಡ್‌ಹ್ಯಾಂಡ್ ಅಂಗಡಿ ಸೇರಿದ ಡಬ್ಬಿ ಶಿಕಾಗೊದ ಹುಡುಗರ ಕೈಗೆ ಸಿಕ್ಕಿತು. 1987ರಲ್ಲಿ ಬಂದ ಫ್ಯೂಚರ್ ತಂಡದ ‘ಆಸಿಡ್ ಟ್ರಾಕ್ಸ್’ ಹತ್ತು ನಿಮಿಷಕ್ಕೂ ಉದ್ದ. ಅಷ್ಟು ಹೊತ್ತೂ ಹೆಚ್ಚುಕಡಿಮೆ ಅದೇ ಸ್ವರಗಳು. ಬದಲಾಗೋದು ಫಿಲ್ಟರ್: ಕಟಾಫ್, ರೆಸೊನೆನ್ಸ್ ತಿರುಪುಗಳನ್ನು ಅವರು ತಿರುಗಿಸುತ್ತಲೇ ಇರುತ್ತಾರೆ. ದನಿ ಬಾಯಿ ತೆರೆದಂತೆ, ಮುಚ್ಚಿದಂತೆ, ಕಿರುಚಿದಂತೆ. ಅಲ್ಲಿ ಯಂತ್ರವೇ ಹಾಡು.

ಸಿಂಗ್ ಅವರಲ್ಲಿ ಹಾಗಲ್ಲ. ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಪಳಗಿದ ಕೈ ಅದು. ರಾಗ ನುಡಿಸೋದು ಜುಪಿಟರ್-8 ಕೀಬೋರ್ಡ್. 303 ಕೆಳಗೆ ಗುಳುಗುಳು ಅನ್ನುತ್ತಾ ಓಡುತ್ತೆ. ಅದೇ ಡಬ್ಬಿ, ಅದೇ ಸದ್ದು, ಆದರೆ ಯಜಮಾನ ರಾಗ.

ಇದರ ಕಷ್ಟ ಗೊತ್ತಾಗಿದ್ದು ಲ್ಯಾಪ್‌ಟಾಪಿನ 303 ನಕಲಿನಲ್ಲಿ ನಾನೇ ತೋಡಿ ನುಡಿಸಲು ಹೋದಾಗ. ಒಂದೇ ಸ್ವರ ಅನ್ನೋದು ನಮ್ಮ ಸಂಗೀತಕ್ಕೆ ಕೊರತೆಯೇ ಅಲ್ಲ, ಹಾಡುವ ಗಂಟಲೂ ಒಂದೇ ದನಿಯದ್ದಲ್ಲವೇ? ತೊಡಕು ಬೇರೆ ಕಡೆ. 303ರ ‘ಸ್ಲೈಡ್’ ಸ್ವರದಿಂದ ಸ್ವರಕ್ಕೆ ಜಾರುತ್ತೆ ನಿಜ, ಆದರೆ ಪ್ರತಿ ಸಲ ಒಂದೇ ಅವಧಿಯಲ್ಲಿ. ಮೀಂಡ್ ಹಾಗಲ್ಲ, ಎಲ್ಲಿ ತಡೀಬೇಕು, ಎಲ್ಲಿ ಬಿಡಬೇಕು ಅನ್ನೋದರಲ್ಲೇ ರಾಗದ ಜೀವ. ನನ್ನ ತೋಡಿ ಲಿಫ್ಟಿನ ಹಾಗೆ ಹತ್ತಿ ಇಳಿಯಿತು.

ಸಿಂಗ್ ಆ ಜಾರಿಕೆಯನ್ನು ಮೀಂಡ್ ಅಂತ ಮಾರಲಿಲ್ಲ. ಯಂತ್ರಕ್ಕೆ ಒಗ್ಗುವ ಕೆಲಸವನ್ನು ಯಂತ್ರಕ್ಕೆ ಬಿಟ್ಟು, ರಾಗವನ್ನು ಕೈಯಲ್ಲೇ ಇಟ್ಟುಕೊಂಡರು. ‘ನಾವೇ ಮೊದಲು’ ಅನ್ನೋ ಜಂಬದಲ್ಲಿ ಕಳೆದುಹೋಗೋದು ಈ ವಿವೇಕವೇ. 2010ರಲ್ಲಿ ಎಲ್‌ಪಿ ಮರುಬಿಡುಗಡೆ ಆಯ್ತು. 2015ರಲ್ಲಿ ಅವರು ತೀರಿಕೊಂಡರು. ಶಿಕಾಗೊವನ್ನು ಐದು ನಿಮಿಷ ಮರೆತು, ಅವರ ಭೈರವಿಯನ್ನು ಭೈರವಿ ಅಂತಲೇ ಕೇಳಿ ನೋಡಿ.