ಹ್ಯಾಮ್‌ಸ್ಟರ್‌ನ ತಿನಿಸು: ಪೊಟ್ಟಣದ ಹಿಂಬದಿ ಓದಿ ಕೊಳ್ಳಿ

ಹ್ಯಾಮ್‌ಸ್ಟರ್‌ಗೆಂದು ಅಂಗಡಿಯಲ್ಲಿ ಸಿಗುವ ಪೊಟ್ಟಣದ ತಿನಿಸುಗಳಲ್ಲಿ ಹೆಚ್ಚು ಮಾರಾಟವಾಗುವುದು ಜೇನು ಹಾಕಿ ಕಾಳು ಅಂಟಿಸಿದ ಕಡ್ಡಿ ಮತ್ತು ಬಣ್ಣಬಣ್ಣದ ಯೋಗರ್ಟ್ ಡ್ರಾಪ್. ಕೊಳ್ಳಲು ಯೋಗ್ಯವಾದದ್ದು ಮಾತ್ರ ಅಷ್ಟಾಗಿ ಕಣ್ಣಿಗೆ ಬೀಳದ ಮೂಲೆಯಲ್ಲಿರುತ್ತದೆ: ಒಣಗಿಸಿದ ಸೊಪ್ಪು, ಧಾನ್ಯದ ತೆನೆ, ಒಣ ಮೀಲ್‌ವರ್ಮ್ ಹುಳು.

ಸಾಕು ಹ್ಯಾಮ್‌ಸ್ಟರ್‌ಗಳಲ್ಲಿ ದೊಡ್ಡದಾದ ಸಿರಿಯನ್ ತಳಿಯ ಮೂಲ, ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ 1930ರಲ್ಲಿ ಸಿರಿಯಾದ ಅಲೆಪ್ಪೊ ಬಳಿ ಬಿಲ ಅಗೆಸಿ ಹಿಡಿಸಿದ ಒಂದು ತಾಯಿ ಮತ್ತು ಅದರ ಮರಿಗಳು. ಒಣ ಹೊಲಗದ್ದೆಯ ಈ ಜೀವಿಗೆ ಹುಟ್ಟಿನಿಂದ ಒಗ್ಗಿದ ಆಹಾರವೆಂದರೆ ಧಾನ್ಯ, ಬೀಜ, ಸೊಪ್ಪು, ಜೊತೆಗೆ ಒಂದಿಷ್ಟು ಕೀಟ. ಸಕ್ಕರೆ ಅದರ ಪಾಲಿಗೆ ಹೊಸದು. ಮೊಲ, ಗಿನಿಪಿಗ್‌ಗಳು ಅಪ್ಪಟ ಸಸ್ಯಾಹಾರಿಗಳು, ಹ್ಯಾಮ್‌ಸ್ಟರ್ ಮಿಶ್ರಾಹಾರಿ. ಹಾಗಾಗಿ ಮೂರರ ಚಿತ್ರವನ್ನೂ ಒಟ್ಟಿಗೆ ಹಾಕಿದ ಪೊಟ್ಟಣ ಕಂಡರೆ ಒಳಗಿರುವುದು ಯಾವ ಪ್ರಾಣಿಗೆ ಹೊಂದುತ್ತದೆ ಎಂದು ಮೊದಲು ನೋಡಬೇಕು.

ಹಿಂಬದಿಯಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ. ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆಯದು ಕೊನೆಗೆ. ಯೋಗರ್ಟ್ ಡ್ರಾಪ್‌ನ ಪಟ್ಟಿ ಸಾಮಾನ್ಯವಾಗಿ ಶುರುವಾಗುವುದೇ ಸಕ್ಕರೆಯಿಂದ, ಬೆನ್ನಿಗೇ ತಾಳೆ ಜಾತಿಯ ಎಣ್ಣೆ. ಸಕ್ಕರೆಗೆ ಬೇರೆ ವೇಷಗಳೂ ಇವೆ: ಜೇನು, ಕಾಕಂಬಿ, ಗ್ಲೂಕೋಸ್ ಸಿರಪ್, ಡೆಕ್ಸ್ಟ್ರೋಸ್. ಮೊದಲ ಮೂರು ಹೆಸರುಗಳೊಳಗೆ ಇವುಗಳಲ್ಲಿ ಯಾವುದಿದ್ದರೂ ಪೊಟ್ಟಣವನ್ನು ಇದ್ದಲ್ಲಿಗೇ ಇಟ್ಟುಬಿಡುವುದು ಲೇಸು. ಕುಬ್ಜ ತಳಿಗಳ ವಿಷಯದಲ್ಲಂತೂ ಇದಕ್ಕೆ ರಿಯಾಯಿತಿಯೇ ಇಲ್ಲ. ಕ್ಯಾಂಪ್‌ಬೆಲ್ ತಳಿಗೂ ಚೈನೀಸ್ ಹ್ಯಾಮ್‌ಸ್ಟರ್‌ಗೂ ಸಕ್ಕರೆ ಕಾಯಿಲೆ ಸುಲಭವಾಗಿ ಅಂಟಿಕೊಳ್ಳುತ್ತದೆ. ಅತಿಯಾಗಿ ನೀರು ಕುಡಿಯುವುದು, ಹಾಸು ಪದೇಪದೇ ಒದ್ದೆಯಾಗುವುದು ಅದರ ಮೊದಲ ಸೂಚನೆಗಳು.

ತೂಕದ ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ರೊಬೊರೊವ್‌ಸ್ಕಿ ತಳಿಯ ಪ್ರಾಣಿ ಸುಮಾರು 25 ಗ್ರಾಂ ತೂಗುತ್ತದೆ. ಅದಕ್ಕೆ 1 ಗ್ರಾಂ ತೂಕದ ಒಂದು ಡ್ರಾಪ್ ಕೊಟ್ಟರೆ, 60 ಕಿಲೋ ತೂಕದ ಮನುಷ್ಯ ಒಮ್ಮೆಲೇ 2.4 ಕಿಲೋ ಮಿಠಾಯಿ ತಿಂದ ಹಾಗೆ.

ಸಿಹಿಯಷ್ಟೇ ತೊಂದರೆಯದ್ದು ಅಂಟು. ಹ್ಯಾಮ್‌ಸ್ಟರ್ ಸಿಕ್ಕಿದ್ದನ್ನು ತಕ್ಷಣ ನುಂಗುವುದಿಲ್ಲ. ಭುಜದವರೆಗೂ ಚಾಚಿರುವ ಕೆನ್ನೆಚೀಲದಲ್ಲಿ ತುಂಬಿಕೊಂಡು ಗೂಡಿಗೆ ಒಯ್ಯುತ್ತದೆ. ಜಿಗುಟಾದ ತುಣುಕು ಆ ಚೀಲದ ಒಳಗೋಡೆಗೆ ಅಂಟಿ ಕೂತರೆ ಅಲ್ಲೇ ಕೊಳೆತು ಗಾಯವಾಗುತ್ತದೆ, ಚೂಪು ಅಂಚಿನ ತುಣುಕಾದರೆ ಚರ್ಮ ಸೀಳುತ್ತದೆ. ಜೇನಿನ ಕಡ್ಡಿಯನ್ನು ಬೇಡವೆನ್ನಲು ಇದೊಂದೇ ಕಾರಣ ಸಾಕು.

ಹಾಗಾದರೆ ಏನು ಕೊಳ್ಳಬೇಕು? ಪಟ್ಟಿಯಲ್ಲಿ ಒಂದೇ ಪದಾರ್ಥವಿರುವ ಪೊಟ್ಟಣವನ್ನು. ಒಣ ಮೀಲ್‌ವರ್ಮ್‌ನಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನ್ ಇದೆ, ಕೊಬ್ಬೂ ಸಾಕಷ್ಟಿದೆ, ಆದ್ದರಿಂದ ವಾರಕ್ಕೆ ಒಂದೆರಡು ಬಾರಿ, ಒಂದೆರಡು ಹುಳು ಸಾಕು. ಸೂರ್ಯಕಾಂತಿ ಬೀಜದ ತಿರುಳಿನಲ್ಲಿ ಅರ್ಧದಷ್ಟು ಕೊಬ್ಬೇ. ಸಿಪ್ಪೆಸಹಿತ ಒಂದೊಂದೇ ಬೀಜವನ್ನು ಕೈಯಿಂದ ಕೊಟ್ಟು ಪ್ರಾಣಿಯನ್ನು ಪಳಗಿಸಲು ಇದಕ್ಕಿಂತ ಒಳ್ಳೆಯ ತಿನಿಸಿಲ್ಲ. ಎಲ್ಲಕ್ಕಿಂತ ಮೇಲು ಧಾನ್ಯದ ತೆನೆ. ಪಕ್ಷಿಗಳಿಗೆಂದು ವಿದೇಶಿ ಹೆಸರಿಟ್ಟು ಪೊಟ್ಟಣದಲ್ಲಿ ಮಾರುವ ತೆನೆ ಬಹುಮಟ್ಟಿಗೆ ನಮ್ಮ ಬಯಲುಸೀಮೆಯ ನವಣೆಯೇ. ಹ್ಯಾಮ್‌ಸ್ಟರ್ ಅದನ್ನು ಮುಂಗಾಲುಗಳಲ್ಲಿ ಹಿಡಿದು, ಕಾಳು ಕಾಳಾಗಿ ಬಿಡಿಸಿ, ಹೊಟ್ಟು ಉದುರಿಸಿ ಕೆನ್ನೆಗಿಳಿಸುತ್ತದೆ. ಹೊಟ್ಟೆಗೂ ಹಿತ, ಹೊತ್ತೂ ಹೋಗುತ್ತದೆ. ಔಷಧಿ ಸಿಂಪಡಿಸದ ತೆನೆ ಪರಿಚಯದ ರೈತರಲ್ಲಿ ಸಿಕ್ಕರೆ ಪೊಟ್ಟಣದ ಹಂಗೂ ಬೇಡ.

ಪೊಟ್ಟಣ ಚಿಕ್ಕದಿದ್ದಷ್ಟೂ ಒಳ್ಳೆಯದು. ತಿನಿಸು ದಿನದ ಆಹಾರದ ಹತ್ತರಲ್ಲೊಂದು ಪಾಲು ಮೀರಬಾರದಾದ್ದರಿಂದ ದೊಡ್ಡ ಪೊಟ್ಟಣ ತಿಂಗಳುಗಟ್ಟಲೆ ಉಳಿಯುತ್ತದೆ, ಎಣ್ಣೆಬೀಜ ಕನರುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಒಡೆದ ಮೇಲೆ ಬಿಗಿ ಮುಚ್ಚಳದ ಗಾಜಿನ ಡಬ್ಬಿಗೆ ಹಾಕಬೇಕು. ಗೂಡಿನ ಮೂಲೆಯಲ್ಲಿ ಹ್ಯಾಮ್‌ಸ್ಟರ್ ಕೂಡಿಟ್ಟ ದಾಸ್ತಾನನ್ನೂ ಆಗಾಗ ನೋಡಿ, ಹಳತಾದದ್ದನ್ನು ಅಲ್ಲಿಂದ ತೆಗೆಯಬೇಕು.